ಏಳನೇ ನಂಬರಿನ ಕುಟುಂಬ

ಹತ್ತು ವರ್ಷ ನಾನು ಇಲಿಗಳ ಮೆದುಳು ಹೆಚ್ಚಿ ಸಂಬಳ ತೆಗೆದುಕೊಂಡವಳು. ಇದನ್ನು ಇದ್ದಂತೆ ಹೇಳಿದರೆ ಮದುವೆ ಊಟದಲ್ಲಿ ಪಕ್ಕದ ಎಲೆಯವರು ಮುಖ ಕಿವುಚುತ್ತಾರೆ. ಹಾಗಾಗಿ ಲ್ಯಾಬಿನಲ್ಲಿ ಕೆಲಸ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಕೇಳಿದವರು ಅದನ್ನು ರಕ್ತ ಪರೀಕ್ಷೆಯ ಲ್ಯಾಬು ಎಂದುಕೊಂಡು ತಮ್ಮ ಶುಗರು, ಥೈರಾಯ್ಡುಗಳ ವರದಿ ಒಪ್ಪಿಸುತ್ತಿದ್ದರು. ನಾನೂ ತಿಳಿದವಳಂತೆ ತಲೆಯಾಡಿಸುತ್ತಿದ್ದೆ.

ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾದ ವರ್ಷ ಸೇರಿದ್ದು. ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ಇಬ್ಬರು ಮಕ್ಕಳನ್ನು ಶಾಲೆಗೆ ಸೇರಿಸಿ, ಮೂವತ್ತು ತುಂಬಿದ ಮೇಲೆ ಸಿಕ್ಕ ಮೊದಲ ಕೆಲಸ. ಕೊಡಿಗೇಹಳ್ಳಿಯ ಹಳೇ ಊರಿನಲ್ಲಿರುವ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ಬಳ್ಳಾರಿ ರಸ್ತೆ ಅಗೆದು ಹಾಕಿದ್ದ ದಿನಗಳಲ್ಲಿ ಒಂದು ಗಂಟೆ. ಲ್ಯಾಬು ನಡೆಸುತ್ತಿದ್ದ ವಿಜ್ಞಾನಿಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಬೇರೆ ರಾಜ್ಯದವರು, ನನಗಿಂತ ಐದಾರು ವರ್ಷ ದೊಡ್ಡವರು. ಕನ್ನಡ ಕಲಿತದ್ದು ನನ್ನಿಂದ. ಮೊದಮೊದಲು 'ನಾನು ಊಟ ಮಾಡ್ತಾರೆ' ಎನ್ನುತ್ತಿದ್ದವರು ಮೂರನೇ ವರ್ಷಕ್ಕೆ ನನ್ನ ಡಬ್ಬಿಯ ಬಸ್ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳುವಷ್ಟು ಪಳಗಿದ್ದರು. ನನ್ನ ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ಮನೆಗೆ ಬಂದು ನೆಲದ ಮೇಲೆ ಕೂತು ಉಂಡಿದ್ದರು. ನಾನು ಅವರನ್ನು ನಂಬಿದ್ದೆ. ಗಂಡನನ್ನೂ ಅಷ್ಟು ನಂಬಿರಲಿಲ್ಲ ಎಂದರೆ ಅವನು ಬೇಜಾರು ಮಾಡಿಕೊಳ್ಳುವುದಿಲ್ಲ, ಅವನಿಗೆ ಗೊತ್ತು.

ಕೇಳುವುದು ಎಂದರೆ ತಲೆಯೊಳಗೆ ಏನು ನಡೆಯುತ್ತದೆ ಎಂಬುದು ಮೇಡಂ ಅವರ ವಿಷಯ. ಕಿವಿಗೆ ಬಿದ್ದ ಸದ್ದು ನೇರವಾಗಿ ಬುದ್ಧಿಗೆ ತಲುಪುವುದಿಲ್ಲ. ಒಳಗಿವಿಯಲ್ಲಿರುವ ಕೋಶವೊಂದು ಅದನ್ನು ಹಿಡಿದು ನರಕ್ಕೆ ಕೊಡಬೇಕು. ನರ ಅದನ್ನು ಮೆದುಳಿನ ಬುಡದಲ್ಲಿರುವ ಮೊದಲ ಠಾಣೆಗೆ ಕೊಡಬೇಕು. ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮೇಲಿನದಕ್ಕೆ. ಎಡಗಿವಿಯ ಸುದ್ದಿ, ಬಲಗಿವಿಯ ಸುದ್ದಿ ಎರಡೂ ಒಂದು ಕಡೆ ಸೇರಿ, ಯಾವ ಕಡೆಯಿಂದ ಕರೆದರು ಎಂದು ತೂಗಿ ನೋಡುವ ಠಾಣೆಯೂ ಇದೆ. ಕೊನೆಗೆ ಕಣತಲೆಯ ಒಳಗಡೆ ಇರುವ ಮೆದುಳಿನ ಭಾಗಕ್ಕೆ ಮುಟ್ಟಿದಾಗ ಯಾರೋ ನಮ್ಮನ್ನು ಕರೆದರು ಎಂದು ನಮಗೆ ತಿಳಿಯುತ್ತದೆ. ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುವ ಪ್ರತಿಯೊಂದು ಜಾಗದಲ್ಲೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇರುತ್ತದೆ. ಆ ಜಾಗವೇ ಸಿನಾಪ್ಸ್. ಕೊಡುವ ಕೋಶ ಪುಟ್ಟ ಪೊಟ್ಟಣಗಳಲ್ಲಿ ತುಂಬಿಟ್ಟುಕೊಂಡ ರಾಸಾಯನಿಕವನ್ನು ಆ ಸಂದಿನೊಳಗೆ ಬಿಡುತ್ತದೆ. ಆಚೆಯ ಕೋಶ ಅದನ್ನು ಇಸಿದುಕೊಂಡು ಎಚ್ಚರವಾಗುತ್ತದೆ. ಇಷ್ಟೂ ಕೆಲಸ ರೆಪ್ಪೆ ಬಡಿಯುವುದರೊಳಗೆ ಮುಗಿದಿರುತ್ತದೆ.

ಇಲಿಯ ಮೆದುಳಿನ ಬುಡವನ್ನು ಮಂಜಿನಂತೆ ತಣ್ಣಗಿರುವ ದ್ರಾವಣದಲ್ಲಿಟ್ಟು, ನಡುಗುವ ಬ್ಲೇಡಿನ ಯಂತ್ರದಲ್ಲಿ ತೆಳ್ಳಗೆ ಹೆಚ್ಚಿ, ಆ ಹೋಳುಗಳನ್ನು ಐದಾರು ಗಂಟೆ ಜೀವಂತವಾಗಿ ಕಾಯುವುದು ನನ್ನ ಕೆಲಸ. ನೀರಿನೊಳಗೆ ಗಾಳಿಗುಳ್ಳೆ ನಿಂತರೆ ಹೋಳು ಸತ್ತಿತು. ಬ್ಲೇಡು ಮೊಂಡಾದರೆ ಸತ್ತಿತು. ನಾನು ಹೆಚ್ಚಿದ ಹೋಳು ಬೇರೆಯವರು ಹೆಚ್ಚಿದ್ದಕ್ಕಿಂತ ಒಂದು ಗಂಟೆ ಜಾಸ್ತಿ ಬದುಕುತ್ತಿತ್ತು. ಇದು ಜಂಬವಲ್ಲ, ಪಿಎಚ್.ಡಿ. ಹುಡುಗರು ಬಾಗಿಲಲ್ಲಿ ನಿಂತು ಅಕ್ಕ ಅಕ್ಕ ಎಂದು ಕಾಯುತ್ತಿದ್ದರು. ಮೇಡಂ ಸೂಕ್ಷ್ಮದರ್ಶಕದ ಕೆಳಗೆ ಗಾಜಿನ ಸೂಜಿ ಇಳಿಸಿ, ಒಂದು ಕೋಶವನ್ನು ಮುಟ್ಟಿ, ಸ್ಪೀಕರ್ ಹಾಕಿದರೆ ಟಪ್ ಟಪ್ ಎಂದು ಕೇಳಿಸುತ್ತಿತ್ತು. ಒಂದು ಕೋಶ ಇನ್ನೊಂದಕ್ಕೆ ಕೊಡುವ ಸದ್ದು ಅದು. ಮೊದಲ ಸಲ ಕೇಳಿದ ದಿನ ನಾನು ಮನೆಗೆ ಹೋಗಿ ಯಾರಿಗೆ ಹೇಳಬೇಕೆಂದು ತಿಳಿಯದೆ ಅಮ್ಮನಿಗೆ ಫೋನ್ ಮಾಡಿದ್ದೆ.

ಇನ್ನು ನನ್ನ ತವರಿನ ಕಡೆಯವರ ವಿಷಯ. ಅಮ್ಮ ಹಿರಿಯವಳು, ಯಲಹಂಕದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಅವಳ ತಂಗಿ, ನನ್ನ ಚಿಕ್ಕಮ್ಮ, ರಾಜಾನುಕುಂಟೆಯಲ್ಲಿ. ಇವರಿಬ್ಬರ ಬೆನ್ನಿಗೆ ಬಹಳ ತಡವಾಗಿ ಹುಟ್ಟಿದವನು ಒಬ್ಬನೇ ತಮ್ಮ, ನನ್ನ ಸೋದರಮಾವ. ಹೆಸರಿಗೆ ಮಾವ, ನನಗಿಂತ ಮೂರು ವರ್ಷ ಚಿಕ್ಕವನು. ನಾನು ಅವನ ತಲೆಗೆ ಮೊಟಕಿ ಮಾವ ಎನ್ನುತ್ತಿದ್ದೆ. ಯಶವಂತಪುರದ ಮಂಡಿಯಲ್ಲಿ ಆಲೂಗಡ್ಡೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಚಿಕ್ಕಮ್ಮ ಮದುವೆಯಾಗಿದ್ದು ಸೋದರತ್ತೆಯ ಮಗನನ್ನು. ಅವಳಿಗೆ ಇಬ್ಬರು ಮಕ್ಕಳು. ದೊಡ್ಡವನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಮರಗೆಲಸದಲ್ಲಿ ಬಲು ಚುರುಕು. ಚಿಕ್ಕವಳು ಮಗಳು, ಪಿ.ಯು.ಸಿ. ಓದಿದವಳು, ನನ್ನನ್ನು ಕಂಡರೆ ಪ್ರಾಣ. ಅವಳನ್ನು ಮಾವನಿಗೇ ಕೊಡುವುದು ಎಂದು ಅವಳು ಲಂಗ ಹಾಕುವ ಕಾಲಕ್ಕೇ ತೀರ್ಮಾನವಾಗಿತ್ತು. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ಹೊಸದಲ್ಲ. ಅವರಿಬ್ಬರಿಗೂ ಅದು ಇಷ್ಟವಿತ್ತು.

ಐದಾರು ವರ್ಷ ಇಲಿ ಹೆಚ್ಚಿದ ಮೇಲೆ ಲ್ಯಾಬಿಗೆ ಇನ್ನೊಂದು ಕೆಲಸ ಬಂತು. ಹುಟ್ಟು ಕಿವುಡಿರುವ ಕುಟುಂಬಗಳ ರಕ್ತ ತೆಗೆದು, ದೋಷ ಎಲ್ಲಿದೆ ಎಂದು ನೋಡುವುದು. ಮೇಡಂಗೆ ಕುಟುಂಬಗಳು ಸಿಗುತ್ತಿರಲಿಲ್ಲ. ಯಾರು ಕೊಡುತ್ತಾರೆ ಸುಮ್ಮನೆ ಬಂದವರಿಗೆ ರಕ್ತವನ್ನು? ನಾನೇ ಮುಂದೆ ಬಿದ್ದು, ನಮ್ಮ ಚಿಕ್ಕಮ್ಮನ ಮನೆಯಲ್ಲಿ ಒಬ್ಬನಿದ್ದಾನೆ ಎಂದೆ. ಆ ಕ್ಷಣ ಮೇಡಂ ಮುಖ ಬೆಳಗಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಬೆಳಕಿಗೆ ಕಾರಣ ನಾನು ಎಂದು ಎರಡು ದಿನ ಉಬ್ಬಿಕೊಂಡು ತಿರುಗಿದೆ.

ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ರಾಜಾನುಕುಂಟೆಗೆ ಹೋದೆವು. ಅದಕ್ಕೆ ಮೊದಲು ತಮ್ಮನನ್ನು, ಅಂದರೆ ಚಿಕ್ಕಮ್ಮನ ಮಗನನ್ನು, ಲ್ಯಾಬಿಗೆ ಕರೆಸಿ ಕಿವಿಗೆ ಪುಟ್ಟ ಯಂತ್ರವಿಟ್ಟು ನೋಡಿದ್ದೆವು. ಒಳಗಿವಿ ಆರೋಗ್ಯವಾಗಿದ್ದರೆ ಸದ್ದಿಗೆ ಅದೇ ಒಂದು ಸಣ್ಣ ಮರುದನಿ ಕೊಡುತ್ತದೆ. ಅವನ ಕಿವಿ ಕೊಟ್ಟಿತು. ಕಿವಿ ಸದ್ದನ್ನು ಹಿಡಿಯುತ್ತಿದೆ, ನರಕ್ಕೆ ದಾಟಿಸುತ್ತಿಲ್ಲ. ತೊಂದರೆ ಮೊದಲನೇ ಸಿನಾಪ್ಸಿನಲ್ಲೇ ಇದೆ ಎಂದು ಮೇಡಂ ಹೇಳಿದ್ದರು. ಇದನ್ನು ಚಿಕ್ಕಮ್ಮನಿಗೆ ಹೇಗೆ ಹೇಳುವುದು? ಅವರ ಮನೆಯ ಎದುರಿಗೇ ಹೊಸ ಲೇಔಟಿನ ಕಟ್ಟಡ ಏಳುತ್ತಿತ್ತು, ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ಎಸೆಯುತ್ತಿದ್ದರು. ಅದನ್ನೇ ತೋರಿಸಿದೆ. ಕೆಳಗಿನವನು ಇಟ್ಟಿಗೆ ಹಿಡಿದುಕೊಂಡು ನಿಂತುಬಿಟ್ಟರೆ ಮೇಲಿನವರೆಲ್ಲ ಖಾಲಿ ಕೈ ತಾನೇ ಎಂದೆ. ಚಿಕ್ಕಮ್ಮ ಅದನ್ನು ನೋಡಿ, ಇಷ್ಟು ವರ್ಷ ದೇವರಿಗೆ ಹರಕೆ ಹೊತ್ತಿದ್ದು ಕಿವಿಗೆ, ತಪ್ಪು ವಿಳಾಸಕ್ಕೆ ಹೋಗಿದೆ ಅನ್ನು ಎಂದು ನಕ್ಕಳು.

ಚಾಪೆಯ ಮೇಲೆ ಮೇಡಂ ಚಿಕ್ಕಮ್ಮನ ಪಕ್ಕದಲ್ಲೇ ಕೂತು ನೆನೆಸಿದ ಅವರೆಕಾಳನ್ನು ಹಿಚುಕಿ ಸಿಪ್ಪೆ ತೆಗೆಯುತ್ತಿದ್ದರು. ರಕ್ತ ತೆಗೆಯುವವನು ಬಂದಿದ್ದ. ನಾನು ಒಪ್ಪಿಗೆ ಪತ್ರ ಹಿಡಿದು ಕೂತೆ. ಕನ್ನಡದ್ದೇ ಪತ್ರ, ಆದರೆ ಯಾರೋ ನಿಘಂಟು ತಿರುವಿ ಬರೆದ ಕನ್ನಡ, ಎರಡು ಹಾಳೆ. ಓದಲು ಶುರುಮಾಡಿದೆ. ಒಲೆಯ ಮೇಲಿನ ಸಾರು ಉಕ್ಕುತ್ತಿದೆ ಎಂದು ಚಿಕ್ಕಮ್ಮ ಎರಡು ಸಲ ಎದ್ದು ಹೋಗಿ ಬಂದಳು. ಎಲ್ಲ ಯಾಕೆ ಓದುತ್ತೀಯ, ಹೆಬ್ಬೆಟ್ಟು ಎಲ್ಲಿ ಒತ್ತಬೇಕು ಹೇಳು ಎಂದಳು. ಆಮೇಲೆ ಮಗಳ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ನನ್ನನ್ನು ಕೇಳಿದಳು.

"ಇವ್ಳುನ್ನ ನಮ್ ತಮ್ಮುಂಗೇ ಕೊಡ್ಬೇಕು ಅಂತಿದೀವಿ. ಇದ್ರಾಗೆ ಗೊತ್ತಾಯ್ತದಾ, ಮುಂದ್ಕೆ ಮಕ್ಳಿಗೆ ಇಂಗೇ ಆಯ್ತದೋ ಇಲ್ವೋ ಅಂತ?"

ಆ ರಕ್ತದಲ್ಲಿ ಚಿಕ್ಕಮ್ಮನಿಗೆ ಬೇಕಾಗಿದ್ದುದು ಇದೊಂದೇ. ಮಗನಿಗೆ ಇನ್ನು ಏನೂ ಮಾಡಲಾಗದು ಎಂದು ಅವಳು ಎಂದೋ ಒಪ್ಪಿಕೊಂಡಿದ್ದಳು.

ನಾನು ಯೋಚಿಸಲೇ ಇಲ್ಲ. "ಏನಾದ್ರೂ ಇದ್ರೆ ಮೇಡಂ ನಂಗೆ ಹೇಳೇ ಹೇಳ್ತಾರೆ ಚಿಕ್ಕಮ್ಮ. ಹೇಳ್ಲಿಲ್ಲ ಅಂದ್ರೆ ಏನೂ ಇಲ್ಲ ಅಂತ ತಿಳ್ಕೋ" ಎಂದೆ. ಮೇಡಂ ಕೈಯಲ್ಲಿ ಅವರೆಕಾಳಿತ್ತು. ತಲೆಯೆತ್ತಿ ಚಿಕ್ಕಮ್ಮನನ್ನು ನೋಡಿ ನಕ್ಕು, ಹೂಂ ಎನ್ನುವಂತೆ ಕತ್ತು ಆಡಿಸಿದರು. ನನ್ನ ಸಾರಿನ ಉಪ್ಪು ಅಳೆಯುವಷ್ಟು ಕನ್ನಡ ಬರುತ್ತಿದ್ದವರಿಗೆ ಆ ಮಾತು ಅರ್ಥವಾಗಲಿಲ್ಲ ಎಂದು ನಾನು ಈಗಲೂ ನಂಬಲಾರೆ.

ಎಲ್ಲರ ರಕ್ತವೂ ಆಯಿತು. ಚಿಕ್ಕಮ್ಮ, ಚಿಕ್ಕಪ್ಪ, ಮಗ, ಮಗಳು, ಮಾವ, ಅಮ್ಮ. ಕೊನೆಗೆ ನಾನೂ ತೋಳು ಚಾಚಿದೆ. ವಂಶದ ನಕ್ಷೆ ಬರೆದುಕೊಟ್ಟದ್ದು ನಾನೇ, ಪೆನ್ಸಿಲಿನಲ್ಲಿ. ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ, ಸಂಬಂಧದಲ್ಲೇ ಆದ ಮದುವೆಗೆ ಜೋಡಿಗೆರೆ. ಅಜ್ಜಿಗೆ ಹುಟ್ಟಿ ವಾರದಲ್ಲೇ ತೀರಿಕೊಂಡ ಅವಳಿ ಗಂಡುಮಕ್ಕಳನ್ನೂ ಬಿಡಲಿಲ್ಲ. ಹೊರಡುವಾಗ ಚಿಕ್ಕಮ್ಮ ಮೇಡಂಗೆ ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಬಟ್ಟೆ ಇಟ್ಟು ಮಡಿಲು ತುಂಬಿದಳು. ಮೇಡಂ ಬಗ್ಗಿ ಸೆರಗಿನಲ್ಲಿ ಹಿಡಿದರು. ನಮ್ಮವರ ಲೆಕ್ಕದಲ್ಲಿ ಅವತ್ತಿನಿಂದ ಅವರು ಹೊರಗಿನವರಲ್ಲ.

ಆಮೇಲೆ ನಾನು ಆಗಾಗ ರಕ್ತದ ವಿಷಯ ಕೇಳುತ್ತಿದ್ದೆ. ಇನ್ನೂ ನಡೆಯುತ್ತಿದೆ, ನೂರೆಂಟು ಹಂತ ಇದೆ ಎನ್ನುತ್ತಿದ್ದರು. ನಾಲ್ಕೈದು ತಿಂಗಳು ಕೇಳಿ ಬಿಟ್ಟೆ. ಯಶವಂತಪುರಕ್ಕೆ ಮೆಟ್ರೋ ಬಂದ ವರ್ಷ ಮದುವೆ ಗೊತ್ತಾಯಿತು. ಗೊತ್ತು ಮಾಡುವ ಮೊದಲು ಚಿಕ್ಕಮ್ಮ ನನಗೆ ಫೋನ್ ಮಾಡಿ, ನಿಮ್ಮ ಮೇಡಂ ಏನಾದರೂ ಹೇಳಿದರಾ ಎಂದು ಕೇಳಿದಳು. ಏನೂ ಹೇಳಲಿಲ್ಲ ಎಂದೆ. ಹಾಗಾದರೆ ಆಯಿತು ಎಂದು ಅವಳು ನಿರಾಳವಾಗಿ ಫೋನಿಟ್ಟಳು.

ಲಗ್ನಪತ್ರಿಕೆಯನ್ನು ಮೇಡಂ ಕೈಗೆ ಕೊಟ್ಟವಳು ನಾನು. ಅವರು ಬಿಡಿಸಿ, ಹುಡುಗ ಹುಡುಗಿಯ ಹೆಸರು ನಿಧಾನವಾಗಿ ಅಕ್ಷರ ಕೂಡಿಸಿ ಓದಿದರು. ಸ್ವಲ್ಪ ಹೊತ್ತು ಪತ್ರಿಕೆಯನ್ನೇ ನೋಡುತ್ತಿದ್ದರು. ಕನ್ನಡ ಓದಲು ಕಷ್ಟಪಡುತ್ತಿದ್ದಾರೆ ಎಂದುಕೊಂಡು ನಾನು ಮುಹೂರ್ತದ ಸಾಲನ್ನು ಬೆರಳಿಟ್ಟು ತೋರಿಸಿದೆ. ಮದುವೆಗೆ ಬಂದರು. ಯಲಹಂಕದ ಛತ್ರದಲ್ಲಿ ಎರಡನೇ ಸಾಲಿನಲ್ಲಿ, ನಾನೇ ಉಡಿಸಿಕೊಟ್ಟ ರೇಷ್ಮೆ ಸೀರೆಯಲ್ಲಿ ಕೂತು, ಗಟ್ಟಿಮೇಳಕ್ಕೆ ಎಲ್ಲರ ಜೊತೆ ಅಕ್ಷತೆ ಹಾಕಿದರು.

ಮರುವರ್ಷದ ಕೊನೆಗೆ ಮಗು ಹುಟ್ಟಿತು, ಹೆಣ್ಣು. ಆಸ್ಪತ್ರೆಯಲ್ಲಿ ಮೂರನೇ ದಿನ ಕಿವಿಗೆ ಪುಟ್ಟ ಯಂತ್ರವಿಟ್ಟು ನೋಡಿ, ಪಾಸ್ ಎಂದು ಬರೆದ ಚೀಟಿ ಕೊಟ್ಟರು. ತಂಗಿ, ಅಂದರೆ ಚಿಕ್ಕಮ್ಮನ ಮಗಳು, ನನಗೆ ಅದರ ಫೋಟೋ ಕಳಿಸಿದಳು. ಅದೇ ಯಂತ್ರ. ಅವಳ ಅಣ್ಣನ ಕಿವಿಗೂ ಪಾಸ್ ಕೊಟ್ಟಿದ್ದ ಯಂತ್ರ. ಅದು ಕಿವಿಯನ್ನಷ್ಟೇ ನೋಡುತ್ತದೆ, ಆಚೆಗೆ ದಾಟುತ್ತದೋ ಇಲ್ಲವೋ ನೋಡುವುದಿಲ್ಲ. ಇದು ಇಡೀ ಆಸ್ಪತ್ರೆಯಲ್ಲಿ ಬೇರೆ ಯಾರಿಗೂ ತಿಳಿಯದಿದ್ದರೂ ನನಗೆ ತಿಳಿದಿತ್ತು. ಒಂದು ನಿಮಿಷ ಮನಸ್ಸಿಗೆ ಬಂತು ಕೂಡ. ಆದರೆ ಏನಾದರೂ ಇದ್ದಿದ್ದರೆ ಮೇಡಂ ಹೇಳುತ್ತಿದ್ದರಲ್ಲ. ನಾನು ತಂಗಿಗೆ ಫೋನ್ ಮಾಡಿ ಇನ್ನೇನು ಭಯ, ಪಾಸಾಗಿದೆಯಲ್ಲ ಎಂದೆ.

ಮಗು ಚೂಟಿ. ಮುಖ ನೋಡಿ ನಗುವುದು, ಬಾಗಿಲು ಧಡ್ ಎಂದರೆ ನೆಲ ಅದುರಿದ್ದಕ್ಕೆ ತಿರುಗುವುದು, ಎಲ್ಲ ಮಾಡುತ್ತಿತ್ತು. ಒಂದು ವರ್ಷವಾಯಿತು, ಒಂದೂವರೆಯಾಯಿತು. ಅಮ್ಮ ಎನ್ನಲಿಲ್ಲ. ತಂಗಿ ಕೇಳಿದಾಗಲೆಲ್ಲ ನಾನು ಕೆಲವು ಮಕ್ಕಳು ನಿಧಾನ, ನನ್ನ ಮಗನೂ ತಡವಾಗಿ ಮಾತಾಡಿದ ಎನ್ನುತ್ತಿದ್ದೆ. ಚಿಕ್ಕಮ್ಮ ಮಾತ್ರ ಮಗುವಿನ ಬೆನ್ನ ಹಿಂದೆ ನಿಂತು ಬಟ್ಟಲು ಬಡಿಯುವುದನ್ನು ಶುರುಮಾಡಿದ್ದಳು. ಇಪ್ಪತ್ತೈದು ವರ್ಷದ ಹಿಂದೆ ಮಗನಿಗೆ ಬಡಿದವಳು. ಅವಳಿಗೆ ನಮ್ಮೆಲ್ಲರಿಗಿಂತ ಮೊದಲೇ ಗೊತ್ತಾಯಿತು, ಆದರೆ ಬಾಯಿ ಬಿಟ್ಟು ಹೇಳಲಿಲ್ಲ.

ಎರಡು ವರ್ಷ ತುಂಬಿದ ಮೇಲೆ ಹೆಬ್ಬಾಳದ ಹತ್ತಿರ ಒಂದು ಕಡೆ ಮಗುವನ್ನು ಮಲಗಿಸಿ ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿಸಿದೆವು. ಕಿವಿಯಿಂದ ಹೊರಟ ಸುದ್ದಿ ಮೆದುಳಿನ ಬುಡದ ಠಾಣೆಗಳನ್ನು ಒಂದೊಂದಾಗಿ ದಾಟುವಾಗ ಪರದೆಯ ಮೇಲೆ ಒಂದೊಂದು ದಿಬ್ಬ ಏಳಬೇಕು. ಹತ್ತು ವರ್ಷದಿಂದ ನೋಡಿದ ದಿಬ್ಬಗಳು ಅವು. ಒಂದೂ ಏಳಲಿಲ್ಲ. ಗೆರೆ ಮಲಗಿಯೇ ಇತ್ತು. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಬಾಯಿ ತೆರೆಯುವ ಮೊದಲೇ ನಾನು ತಂಗಿಯ ಕೈ ಹಿಡಿದುಕೊಂಡೆ. ಅವಳು ನನ್ನ ಮುಖ ನೋಡಿ ಅಳಲು ಶುರುಮಾಡಿದಳು.

ಮೇಡಂಗೆ ಹೇಳಿದಾಗ ಅವರು ನನ್ನ ಭುಜ ಹಿಡಿದು ಕಣ್ಣೀರು ತಂದುಕೊಂಡರು. ಆಪರೇಷನ್ ಮಾಡಿಸಿ ಒಳಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿ, ಇಂಥ ಮಕ್ಕಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ತಂತಿ ನೇರ ನರವನ್ನೇ ಮುಟ್ಟುತ್ತದೆ, ಕೆಟ್ಟಿರುವ ಸಿನಾಪ್ಸಿನ ಹಂಗೇ ಇರುವುದಿಲ್ಲ ಎಂದರು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಎರಡು ವರ್ಷ ಆಗಲೇ ಹೋಗಿದೆ ಎಂದರು. ಅವರ ಕಣ್ಣೀರಿಗೆ ನಾನು ಕೃತಜ್ಞಳಾಗಿದ್ದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಆ ಬೇಸಿಗೆಯಲ್ಲಿ ಸಂಡಿಗೆ ಇಡಬೇಕಿತ್ತು. ಸಮ್ಮೇಳನಗಳಿಗೆ ಒಯ್ದು ತಂದ ದೊಡ್ಡ ದೊಡ್ಡ ಪೋಸ್ಟರುಗಳು ಲ್ಯಾಬಿನ ಬೀರುವಿನ ಮೇಲೆ ಸುರುಳಿ ಸುತ್ತಿ ಬಿದ್ದಿರುತ್ತಿದ್ದವು. ಫ್ಲೆಕ್ಸಿನವು, ಗಟ್ಟಿ. ಧೂಳು ಜಾಸ್ತಿಯಾದಾಗ ನಮ್ಮಂಥ ಕೆಲಸದವರು ಮನೆಗೆ ಒಯ್ಯುತ್ತಿದ್ದೆವು. ಕಾವಲಿನವನು ಸ್ಕೂಟರಿಗೆ ಹೊದಿಸುತ್ತಿದ್ದ, ನಾನು ಮಾಳಿಗೆಯ ಮೇಲೆ ಹಾಸಿ, ಬಿಳಿಯ ಬೆನ್ನಿನ ಕಡೆ ಬಟ್ಟೆ ಹರಡಿ ಸಂಡಿಗೆ ಇಡುತ್ತಿದ್ದೆ. ಮೆದುಳಿನ ಚಿತ್ರಗಳ ಬೆನ್ನ ಮೇಲೆ ಒಣಗಿದ ಸಂಡಿಗೆಯನ್ನು ನಮ್ಮ ಬೀದಿಯವರೆಲ್ಲ ತಿಂದಿದ್ದಾರೆ.

ಅವತ್ತು ಬೆಳಿಗ್ಗೆ ಎರಡು ಸುರುಳಿ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸುತ್ತಿದ್ದೆ. ಎರಡನೆಯದರ ಬಲ ಮೂಲೆಯಲ್ಲಿ ಒಂದು ವಂಶದ ನಕ್ಷೆ ಇತ್ತು. ಕುಟುಂಬ ಏಳು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ಹೆಸರುಗಳಿಲ್ಲ. ನಾನು ಒರೆಸುತ್ತಾ ಹೋಗಿ ಅವಳಿ ಚೌಕಗಳ ಹತ್ತಿರ ಕೈ ನಿಲ್ಲಿಸಿದೆ. ಎರಡರ ಮೇಲೂ ಸತ್ತವರ ಅಡ್ಡಗೆರೆ. ಅವುಗಳ ಪಕ್ಕ ಮೂರು: ವೃತ್ತ, ವೃತ್ತ, ದೂರದಲ್ಲಿ ಒಂದು ಚೌಕ. ಎರಡನೇ ವೃತ್ತದಿಂದ ಜೋಡಿಗೆರೆ. ಅದರ ಕೆಳಗೆ ಪೂರಾ ಕಪ್ಪು ಬಳಿದ ಚೌಕ. ಅದು ನಮ್ಮ ಬಡಗಿ. ಅವನ ಪಕ್ಕದ ವೃತ್ತಕ್ಕೆ, ಅಂದರೆ ತಂಗಿಗೆ, ಅರ್ಧ ಕಪ್ಪು. ಮೇಲೆ, ದೂರದ ಚೌಕಕ್ಕೂ, ಮಾವನಿಗೂ, ಅರ್ಧ ಕಪ್ಪು.

ಅರ್ಧ ಕಪ್ಪು ಎಂದರೆ ದೋಷವನ್ನು ಒಳಗೆ ಹೊತ್ತಿರುವವರು, ತಮಗೆ ಏನೂ ಆಗಿರುವುದಿಲ್ಲ. ಅಂಥ ಇಬ್ಬರು ಮದುವೆಯಾದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಪೋಸ್ಟರಿನ ತಳದಲ್ಲಿ ಹೊರದೇಶದ ಸಮ್ಮೇಳನದ ಹೆಸರು, ತಿಂಗಳು, ವರ್ಷ ಇತ್ತು. ತಂಗಿಯ ಮದುವೆಗೆ ಎರಡು ತಿಂಗಳು ಮೊದಲು. ಅಮ್ಮನ ವೃತ್ತವೂ ಅರ್ಧ ಕಪ್ಪಾಗಿತ್ತು, ಅದರ ಕೆಳಗೆ ನನ್ನದೂ. ನನ್ನ ಮೈಯೊಳಗಿನದನ್ನು ಯಾವುದೋ ದೇಶದ ಜನ ಕಾಫಿ ಕುಡಿಯುತ್ತಾ ನಿಂತು ನೋಡಿದ್ದರು. ನಾನು ಸಂಡಿಗೆ ಹಿಟ್ಟಿನ ಪಾತ್ರೆಯ ಪಕ್ಕ ಕೂತುಬಿಟ್ಟೆ. ಬಿಸಿಲು ಏರಿ ಹಿಟ್ಟು ಹೆಪ್ಪುಗಟ್ಟುವವರೆಗೂ ಕೂತಿದ್ದೆ.

ಸೋಮವಾರ ಸುರುಳಿಯನ್ನು ಒಯ್ದು ಮೇಡಂ ಮೇಜಿನ ಮೇಲೆ ಬಿಡಿಸಿದೆ. ಜಗಳಕ್ಕೆ ಮಾತು ಕೂಡಿಸಿಕೊಂಡು ಹೋಗಿದ್ದೆ, ಒಂದೂ ನೆನಪಾಗಲಿಲ್ಲ. ಲಗ್ನಪತ್ರಿಕೆ ಕೊಟ್ಟ ದಿನ ನಿಮಗೆ ಗೊತ್ತಿತ್ತಾ ಎಂದಷ್ಟೇ ಕೇಳಿದೆ.

ಅವರು ಸುಳ್ಳು ಹೇಳಲಿಲ್ಲ. "ಗೊತ್ತಿತ್ತು. ಹೇಳೋ ಹಾಗಿರಲಿಲ್ಲ" ಎಂದರು.

ಆಮೇಲೆ ಬಹಳ ಹೊತ್ತು ಮಾತಾಡಿದರು. ಇದು ಸಂಶೋಧನೆಯ ಲ್ಯಾಬು, ಇಲ್ಲಿನ ಫಲಿತಾಂಶವನ್ನು ವೈದ್ಯಕೀಯ ವರದಿಯಂತೆ ಕೊಡುವ ಹಾಗಿಲ್ಲ. ಸಂಶೋಧನೆಗೆ ಅನುಮತಿ ಕೊಟ್ಟ ಸಮಿತಿಯ ನಿಯಮವಿದೆ. ಒಂದು ಮನೆಯವರಿಗೆ ಹೇಳಿದರೆ ಎಲ್ಲರಿಗೂ ಹೇಳಬೇಕು. ತಪ್ಪಾಗಿದ್ದರೆ ಒಂದು ಮದುವೆ ಸುಮ್ಮನೆ ಮುರಿಯುತ್ತಿತ್ತು. ನಾಲ್ಕರಲ್ಲಿ ಮೂರು ಪಾಲು ಒಳ್ಳೆಯದೇ ಆಗಬಹುದಿತ್ತು. ಪತ್ರಿಕೆ ಕೈಗೆ ಬಂದ ಮೇಲೆ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ ಎಂದೂ ಹೇಳಿದರು. ನಾನು ಎಲ್ಲ ಕೇಳಿ, ಬೇಡ, ಮದುವೆ ನಿಲ್ಲಿಸುವುದು ಬೇಡವಾಗಿತ್ತು, ಮಗು ಹುಟ್ಟಿದ ದಿನವಾದರೂ ಆ ಪಾಸ್ ಚೀಟಿ ನಂಬಬೇಡ ಎಂದು ನನ್ನ ಕಿವಿಯಲ್ಲಿ ಒಂದು ಮಾತು ಹೇಳಬಹುದಿತ್ತಲ್ಲ ಎಂದೆ. ಎರಡು ವರ್ಷ ಉಳಿಯುತ್ತಿತ್ತು ಎಂದೆ. ಚಿಕ್ಕಮ್ಮನ ಎದುರಿಗೆ ಕತ್ತು ಆಡಿಸಿದ್ದು ಯಾಕೆ ಎಂದೆ. ಅವರು ಎದ್ದು ಕಪಾಟಿನಿಂದ ಏಳನೇ ನಂಬರಿನ ಕಡತ ತೆಗೆದು ಒಪ್ಪಿಗೆ ಪತ್ರವನ್ನು ನನ್ನ ಮುಂದಿಟ್ಟರು.

ಎರಡನೇ ಹಾಳೆ, ಮೇಲಿನಿಂದ ಮೂರನೇ ಸಾಲು. ಈ ಅಧ್ಯಯನದ ಫಲಿತಾಂಶಗಳನ್ನು ಭಾಗವಹಿಸಿದವರಿಗೆ ವೈಯಕ್ತಿಕವಾಗಿ ತಿಳಿಸಲಾಗುವುದಿಲ್ಲ. ಕೆಳಗೆ ಚಿಕ್ಕಮ್ಮನ ಹೆಬ್ಬೆಟ್ಟು, ತಂಗಿಯ ದುಂಡಗಿನ ಸಹಿ. ಅದರ ಕೆಳಗೆ, ಓದಿ ವಿವರಿಸಿದವರು ಎಂಬ ಜಾಗದಲ್ಲಿ, ನನ್ನ ಸಹಿ.

ಆ ಸಾಲನ್ನು ನಾನು ಕಂಡಿದ್ದೆ. ಮರೆತಿದ್ದೆ ಎಂದು ಬರೆಯಬಹುದು, ಯಾರೂ ಬಂದು ಕೇಳುವುದಿಲ್ಲ. ಆದರೆ ಕಂಡಿದ್ದೆ. ಅವತ್ತು ಓದುತ್ತಾ ಆ ಸಾಲಿಗೆ ಬಂದಾಗ, ಇದು ಬೇರೆಯವರಿಗೆ ಇರುವ ನಿಯಮ, ನಾವು ಮೇಡಂ ಮನೆಯವರ ಹಾಗೆ, ಇದನ್ನು ಓದಿದರೆ ಚಿಕ್ಕಮ್ಮ ಸುಮ್ಮನೆ ಹಿಂಜರಿಯುತ್ತಾಳೆ ಎಂದುಕೊಂಡು ಮುಂದಿನ ಸಾಲಿಗೆ ಹಾರಿದ್ದೆ. ಐದಾರು ವರ್ಷ ಒಂದೇ ಡಬ್ಬಿಯಲ್ಲಿ ಉಂಡರೆ ನಿಯಮಗಳು ನಮ್ಮನ್ನು ಬಿಟ್ಟು ಉಳಿದವರಿಗೆ ಮಾತ್ರ ಅನ್ವಯಿಸುತ್ತವೆ ಎಂದು ನಂಬಿದ ದಡ್ಡಿ ನಾನು. ಮೇಡಂ ನನಗೆ ಮೋಸ ಮಾಡಿದರು. ಇದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅವರ ಮೋಸ ರಾಜಾನುಕುಂಟೆಗೆ ತಲುಪಿದ್ದು ನನ್ನ ಬಾಯಿಂದ.

ಮುಂದಿನ ಭಾನುವಾರ ರಾಜಾನುಕುಂಟೆಗೆ ಹೋದೆ. ಮಾವ ಮಂಡಿಯಲ್ಲಿದ್ದ. ಚಿಕ್ಕಮ್ಮ ನೆಂಟರ ಮನೆಗೆ ಹೋಗಿದ್ದಳು. ತಂಗಿ ಜಗಲಿಯ ಮೇಲೆ ಕೂತು ಮಗುವಿಗೆ ಅನ್ನ ತಿನ್ನಿಸುತ್ತಿದ್ದಳು. ಸಾಕೋ ಇನ್ನೂ ಬೇಕೋ ಎಂದು ಮಗು ಅವಳ ಕೆನ್ನೆ ತಟ್ಟಿ ಹೇಳುತ್ತಿತ್ತು. ಎಲ್ಲ ಹೇಳಿದೆ. ಪೋಸ್ಟರು, ಅರ್ಧ ಕಪ್ಪು, ಮೇಡಂ ಮಾತು, ನಾನು ಹಾರಿಸಿದ ಸಾಲು. ಬೈಯಲಿ ಎಂದು ಕಾದೆ. ಕೈಯಲ್ಲಿದ್ದ ತಟ್ಟೆ ಎಸೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕೊನೆಯ ತುತ್ತು ತಿನ್ನಿಸಿ, ಮಗುವಿನ ಬಾಯಿ ಒರೆಸಿ, ಆಮೇಲೆ ಕೇಳಿದಳು.

"ಅವ್ರು ಮದುವೇಲಿ ಊಟ ಮಾಡ್ಕೊಂಡು ಹೋದ್ರಾ ಅಕ್ಕ?"

ಮಾಡಿದರು, ಹೋಳಿಗೆ ಎರಡನೇ ಸಲ ಹಾಕಿಸಿಕೊಂಡರು ಎಂದೆ.

ಅವಳು ತಟ್ಟೆ ತೊಳೆದು ಬಂದಳು. ನನ್ನ ಎದುರಿಗೆ ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತಳು.

"ಆ ಸಾಲು ನೀನು ಓದಿದ್ರೂ ನಾವು ಸೈನ್ ಹಾಕ್ತಿದ್ವಿ. ನಾವು ಪೇಪರ್ ನೋಡಿ ಹಾಕಿದ್ದಲ್ಲ, ಅಕ್ಕ."

ಇಷ್ಟೇ. ಕಾಫಿ ಕೊಟ್ಟಳು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಅವಳೇ ನೆನಪಿಸಿದಳು. ನಾನು ಸ್ಕೂಟರಿನಲ್ಲಿ ಬಂದಿದ್ದೆ, ಗೇಟಿನ ಹತ್ತಿರ ನಿಲ್ಲಿಸಿದ್ದು ಅವಳಿಗೆ ಕಾಣುತ್ತಿತ್ತು.

ಮರುದಿನ ಕೆಲಸಕ್ಕೆ ಹೋದೆ. ಹೋಗದೆ ಏನು ಮಾಡಲಿ, ಮಗಳು ಕಾಲೇಜಿಗೆ ಸೇರುವವಳಿದ್ದಳು. ಮೇಡಂ ಮತ್ತು ನಾನು ದ್ರಾವಣ, ಬ್ಲೇಡು, ಸಮಯ ಇಷ್ಟನ್ನೇ ಮಾತಾಡುತ್ತಿದ್ದೆವು. ಡಬ್ಬಿಯನ್ನು ನಾನು ಕಾವಲಿನವನ ಕೋಣೆಯಲ್ಲಿ ಕೂತು ತಿನ್ನತೊಡಗಿದೆ. ತಂಗಿಗೆ ಫೋನ್ ಮಾಡಿದರೆ ಎತ್ತುತ್ತಿದ್ದಳು, ಚೆನ್ನಾಗಿದ್ದೀವಿ ಎನ್ನುತ್ತಿದ್ದಳು. ಆಪರೇಷನ್ ಯಾವಾಗ ಎಂದರೆ ಇನ್ನೂ ಏನೂ ಗೊತ್ತಾಗಿಲ್ಲ ಎನ್ನುತ್ತಿದ್ದಳು. ಯಾವ ಡಾಕ್ಟರು, ಯಾವ ಕಿವಿಗೆ ಮೊದಲು, ಆಮೇಲೆ ಮಾತು ಕಲಿಸಲು ಎಲ್ಲಿಗೆ ಹೋಗಬೇಕು, ಎಲ್ಲ ಬರೆದಿಟ್ಟುಕೊಂಡಿದ್ದೆ. ಕೇಳಲಿ ಎಂದು ಕಾಯುತ್ತಿದ್ದೆ.

ಐದು ತಿಂಗಳ ಮೇಲೆ ಒಂದು ಸಂಜೆ ಯಲಹಂಕದಿಂದ ಅಮ್ಮನ ಫೋನು ಬಂತು. ಅವಳ ದನಿ ಕುಣಿಯುತ್ತಿತ್ತು. ಆಪರೇಷನ್ ಆಗಿ ತಿಂಗಳಾಯಿತಂತೆ. ಅವತ್ತು ಬೆಳಿಗ್ಗೆ ಮೊದಲ ಸಲ ಯಂತ್ರ ಹಚ್ಚಿದರಂತೆ. ಚಿಕ್ಕಮ್ಮ, ಮಾವ, ನನ್ನ ತಮ್ಮ, ತಮ್ಮನ ಹೆಂಡತಿ, ಎಲ್ಲ ಹೋಗಿದ್ದರಂತೆ. ತಂಗಿ ಹಿಂದಿನಿಂದ ಕರೆದಳಂತೆ, ಮಗು ಬೆದರಿ, ತಿರುಗಿ, ಅವಳ ಬಾಯನ್ನೇ ನೋಡಿ ಜೋರಾಗಿ ಅತ್ತಿತಂತೆ. ಅಮ್ಮ ಅದನ್ನು ಮೂರು ಸಲ ಹೇಳಿದಳು. ನಾನು ಮೂರು ಸಲವೂ ಹೂಂಗುಟ್ಟಿದೆ. ಕೊನೆಗೆ ಅವಳಿಗೆ ಏನೋ ಹೊಳೆದಂತಾಗಿ, ನೀನು ಅಲ್ಲಿಗೆ ಹೋಗಿರಲಿಲ್ಲವಂತಲ್ಲ, ಅವಳು ನಿನಗೆ ಹೇಳಿರಲಿಲ್ಲವಾ ಎಂದು ಕೇಳಿದಳು.

ಹೇಳಿದ್ದಳು, ನನಗೇ ರಜೆ ಸಿಗಲಿಲ್ಲ ಎಂದೆ.